ಸಾಕಿದವಳ ಪಾಲಿನ ನಲ್ಲಿ ಮೂಳೆ

ನಮ್ಮ ಮನೆಯಲ್ಲಿ ಎಲ್ಲದಕ್ಕೂ ಒಂದು ಹೊತ್ತಿತ್ತು. ಬೆಳಕು ಹರಿಯುವ ಮೊದಲು ಅಂಗಳ ಗುಡಿಸಬೇಕು, ಆಮೇಲೆ ಸಗಣಿ ನೀರು, ಆಮೇಲೆ ರಂಗೋಲಿ. ಒಲೆಗೆ ಬೆಂಕಿ ಬೀಳುವುದು ಅದಾದ ಮೇಲೆಯೇ. ಅಪ್ಪ ಕಾರ್ಖಾನೆಯ ಮೊದಲ ಪಾಳಿಗೆ ಸೈಕಲ್ ಹತ್ತುವ ಹೊತ್ತಿಗೆ ಬುತ್ತಿಯ ಚೀಲ ಹ್ಯಾಂಡಲಿಗೆ ತೂಗುತ್ತಿರಬೇಕು. ಇದನ್ನೆಲ್ಲ ನಡೆಸುತ್ತಿದ್ದವಳು ಅಪ್ಪನ ತಾಯಿ, ನಮ್ಮಜ್ಜಿ. ಅವಳಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ನಮ್ಮ ಮನೆ ಗಡಿಯಾರಕ್ಕೆ ಕೀಲಿ ಕೊಡುವುದೇ ಬೇಡ, ಅದು ಅವ್ವನನ್ನು ನೋಡಿಕೊಂಡು ಓಡುತ್ತದೆ ಎಂದು ಅಪ್ಪ ತಮಾಷೆ ಮಾಡುತ್ತಿದ್ದ. ನಾನು ಮುಂದೆ ನರ್ಸಾದೆ, ವಾರ್ಡಿನ ಮೇಲ್ವಿಚಾರಕಿಯಾಗಿ ನಿವೃತ್ತಳಾದೆ. ಕೈಕೆಳಗಿನ ಹುಡುಗಿಯರು ಬೆನ್ನ ಹಿಂದೆ ನನ್ನನ್ನು ‘ಮಿಲಿಟರಿ’ ಎಂದು ಕರೆಯುತ್ತಿದ್ದುದು ನನಗೆ ಗೊತ್ತಿತ್ತು. ಅವರು ನಮ್ಮಜ್ಜಿಯನ್ನು ಕಂಡಿರಲಿಲ್ಲ, ಪಾಪ.

ಮನೆ ಇದ್ದುದು ಹೊಸಕೆರೆಹಳ್ಳಿಯಲ್ಲಿ, ಕೆರೆ ಏರಿಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ. ನಡುಮನೆ, ಹೊಗೆ ಹಿಡಿದ ಅಡುಗೆಮನೆ, ಅದಕ್ಕೆ ಬೆನ್ನು ಕೊಟ್ಟು ನಿಂತ ಕೊಟ್ಟಿಗೆ. ಹಿತ್ತಲಿನಲ್ಲಿ ಎದೆಮಟ್ಟದ ಮಣ್ಣಿನ ಗೋಡೆ, ಗೋಡೆಯ ಆಚೆ ಮುನಿಯಪ್ಪನ ಹಿತ್ತಲು. ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟಿನವರು ಕಾರು ನಿಲ್ಲಿಸುವ ನೆಲಮಾಳಿಗೆ ಇದೆ. ನಾನಿರುವುದು ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಬನಶಂಕರಿ ಮೂರನೇ ಹಂತದಲ್ಲಿ. ಯುಗಾದಿಯ ಮರುದಿನ ಹೊಸತೊಡಕಿಗೆ ಮಟನ್ ಅಂಗಡಿಗಳ ಮುಂದೆ ಬೆಳಗ್ಗೆಯೇ ಸಾಲು ನಿಲ್ಲುತ್ತದೆ. ಸಾಲು ಬಸ್ ಸ್ಟಾಪು ದಾಟಿ ತಿರುವಿನವರೆಗೆ ಬಂದಿರುತ್ತದೆ. ಯಾವ ಕುರಿ, ಏನು ತಿಂದಿತ್ತು ಎಂದು ಆ ಸಾಲಿನಲ್ಲಿ ಯಾರೂ ಕೇಳುವುದಿಲ್ಲ. ನಮ್ಮ ಕಾಲದಲ್ಲಿ ನಾವು ಕೇಳುತ್ತಿದ್ದುದು ಅದೊಂದನ್ನೇ.

ದೀಪಾವಳಿ ಕಳೆಯುತ್ತಿದ್ದಂತೆ ಅಜ್ಜಿ ಒಂದು ಟಗರು ಮರಿ ತರಿಸುತ್ತಿದ್ದಳು, ಹಾಲು ಬಿಟ್ಟು ಸೊಪ್ಪು ಕಡಿಯಲು ಕಲಿತ ವಯಸ್ಸಿನದು. ಗೋಡೆಯ ಆಚೆ ಮುನಿಯಪ್ಪನೂ ಒಂದು ತರುತ್ತಿದ್ದ. ಯುಗಾದಿಯವರೆಗೆ ಅವರವರ ಮರಿಯನ್ನು ಅವರವರು ಮೇಯಿಸುವುದು. ಯುಗಾದಿಯ ಸಂಜೆ ಎರಡೂ ಮನೆಯವರು ಹಿತ್ತಲ ಗೋಡೆಯ ಬಳಿ ನಿಂತು ಹಗ್ಗ ಬದಲಿಸಿಕೊಳ್ಳುವುದು. ನಮ್ಮದು ಅವರಿಗೆ, ಅವರದು ನಮಗೆ. ಹೊಸತೊಡಕಿಗೆ ನಾವು ತಿನ್ನುತ್ತಿದ್ದುದು ಮುನಿಯಪ್ಪನ ಕುರಿ, ಅವನು ತಿನ್ನುತ್ತಿದ್ದುದು ನಮ್ಮದು. ಅಜ್ಜಿಯೂ ಮುನಿಯಪ್ಪನ ತಾಯಿಯೂ ಸೊಸೆಯರಾಗಿ ಬಂದ ಹೊಸದರಲ್ಲಿ ಮಾಡಿಕೊಂಡ ಏರ್ಪಾಡು ಇದು.

“ಕೈಯಾರೆ ತಿನ್ಸಿ, ಮೈ ಸವರಿ, ಆಮೇಲೆ ಅದನ್ನೇ ಸಾರು ಮಾಡ್ಕೊಂಡು ತಿನ್ನಕ್ಕೆ ನಾವೇನು ನರಿಗಳೇನೇ?” ಎನ್ನುತ್ತಿದ್ದಳು ಅಜ್ಜಿ.

ಇನ್ನೊಂದು ಕಟ್ಟಳೆಯೂ ಇತ್ತು. ಮರಿ ಸಾಕಿದವರಿಗೆ, ಬದಲಿಯಾಗಿ ಬಂದ ಕುರಿಯ ನಲ್ಲಿ ಮೂಳೆ. ಹಿಂಗಾಲಿನ ಕೊಳವೆಯಂಥ ಮೂಳೆ, ಬಾಯಿಟ್ಟು ಹೀರಿದರೆ ಒಳಗಿನ ಮಜ್ಜೆ ನಾಲಿಗೆಗೆ ಜಾರಿ ಬರುತ್ತದೆ. ಅಪ್ಪ ಕೇಳಿದರೂ ಸಿಗುತ್ತಿರಲಿಲ್ಲ, ಮನೆಗೆ ಬಂದ ನೆಂಟರಿಗೂ ಇಲ್ಲ. ಅದುವರೆಗೆ ಮರಿ ನೋಡಿಕೊಳ್ಳುತ್ತಿದ್ದವಳು ನಮ್ಮತ್ತೆ, ಅಪ್ಪನ ತಂಗಿ. ಅತ್ತೆ ಮದುವೆಯಾಗಿ ಬೇಗೂರಿಗೆ ಹೋದ ವರ್ಷ ಕೆಲಸ ನನ್ನ ಪಾಲಿಗೆ ಬಂತು. ನಾನಾಗ ಐದನೇ ಕ್ಲಾಸು. ಹಗ್ಗವನ್ನು ನನ್ನ ಕೈಗೆ ಕೊಡುವಾಗ ಅಜ್ಜಿ ಒಂದೇ ಮಾತು ಹೇಳಿದಳು:

“ಹೆಸ್ರಿಡಬೇಡ.”

ಇಡಲಿಲ್ಲ. ಮರಿ ಎಂದೇ ಕರೆದೆ. ಅದು ಯಾವ ದಿನಕ್ಕೆ ಬೆಳೆಯುತ್ತಿದೆ ಎಂಬುದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಅದಕ್ಕಾಗಿ ನಾನು ಅತ್ತವಳಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಕಥೆ ಕೇಳಿದವರೆಲ್ಲ ಮೊದಲು ಅಂದುಕೊಳ್ಳುವುದು ಅದನ್ನೇ.

ಮೇಯಿಸುವುದಕ್ಕೆ ಅಜ್ಜಿಯ ಕ್ರಮ ಇತ್ತು. ಬೆಳಗ್ಗೆ ಬೇಯಿಸಿದ ಹುರುಳಿ ನುಚ್ಚು, ನೆನೆಸಿದ ಕಡಲೆಕಾಯಿ ಹಿಂಡಿ, ಅದಕ್ಕಿಷ್ಟು ಬೂಸಾ. ಸ್ಕೂಲಿಂದ ಬಂದ ಕೂಡಲೇ ಅಗಸೆ ಸೊಪ್ಪು, ಸಿಕ್ಕ ದಿನ ಹಲಸಿನ ಸೊಪ್ಪು. ಸೊಪ್ಪನ್ನು ನೆಲಕ್ಕೆ ಹಾಕುವ ಹಾಗಿಲ್ಲ, ಕಂಬಕ್ಕೆ ಕಟ್ಟಿ ಮೂತಿಯ ಮಟ್ಟಕ್ಕೆ ಇಳಿಬಿಡಬೇಕು. ತುಳಿದ ಸೊಪ್ಪನ್ನು ಕುರಿ ತಿನ್ನುವುದಿಲ್ಲ. ಸಂಜೆ ರಾಗಿ ಹುಲ್ಲು. ನೆಕ್ಕಲು ಒಂದು ಉಪ್ಪಿನ ಗಟ್ಟಿ. ತಿಂದು ಉಳಿದದ್ದನ್ನು ತೆಗೆದು ಬೋಗುಣಿ ತೊಳೆದು ಬೋರಲು ಹಾಕಿದ ಮೇಲೆಯೇ ನನ್ನ ಊಟ. ಹೊಸದೇನಾದರೂ ತಿನ್ನಿಸುವುದಿದ್ದರೆ ಮೊದಲ ದಿನ ಒಂದು ಚಿಟಿಕೆ, ಮರುದಿನ ಸ್ವಲ್ಪ ಹೆಚ್ಚು; ಹೊಟ್ಟೆಗೆ ಗುರುತು ಸಿಗಲು ಬಿಡಬೇಕು. ಸೋಮವಾರ ಸೋಮವಾರ ಪರೀಕ್ಷೆ. ಅಜ್ಜಿ ನನ್ನ ಅಂಗೈಯನ್ನು ಮರಿಯ ಸೊಂಟದ ಮೇಲೆ, ಉಣ್ಣೆಯ ಒಳಕ್ಕೆ ಒತ್ತಿ ಹಿಡಿಯುತ್ತಿದ್ದಳು.

“ಕಣ್ಮುಚ್ಚು. ಮೂಳೆ ಸಿಗ್ತೈತಾ?”

“ಸಿಗ್ತೈತೆ.”

“ಚೂಪಗೋ, ಮೊಂಡಾಗೋ?”

“ಚೂಪಗೈತೆ ಅಜ್ಜಿ.”

“ಹಂಗಾರೆ ಇನ್ನೂ ತುಂಬಿಲ್ಲ. ಹೊಟ್ಟೆ ನೋಡಿ ಮೋಸ ಹೋಗ್ಬೇಡ. ನೀರು ಕುಡುದ್ರೂ ಹೊಟ್ಟೆ ದಪ್ಪ ಕಾಣ್ತದೆ. ಮುಟ್ಟಿ ನೋಡು. ಯಾರೇನೇ ಹೇಳ್ಲಿ, ಮುಟ್ಟಿ ನೋಡು.”

ಗೋಡೆಯ ಆಚೆ ಕ್ರಮವೆಂಬುದೇ ಇರಲಿಲ್ಲ. ಮುನಿಯಪ್ಪ ಮಾಮ ಒಂದು ಕಲ್ಯಾಣ ಮಂಟಪದಲ್ಲಿ ಅಡುಗೆಯವರ ಜೊತೆ ಕೆಲಸಕ್ಕಿದ್ದ. ಮದುವೆ ಇದ್ದ ದಿನ ಬಕೆಟ್ಟಿನಲ್ಲಿ ಉಳಿದ ಅನ್ನ ತಂದು ಮರಿಯ ಮುಂದಿಡುತ್ತಿದ್ದ. ಇಲ್ಲದ ದಿನ ಅದು ಬೇಲಿ ಕಡಿಯುತ್ತ ಇರುತ್ತಿತ್ತು. ಮಾಮ ಗೋಡೆಗೆ ಗಲ್ಲ ಊರಿ ನಿಂತು ನನ್ನನ್ನು ರೇಗಿಸುತ್ತಿದ್ದ.

“ಏನ್ ಜಯಮ್ಮಾರೇ, ಕುರಿ ಸಾಕ್ತಿದೀರೋ, ಕಾನ್ವೆಂಟ್ಗೆ ಸೇರ್ಸಿದೀರೋ? ನಮ್ದು ನೋಡಿ, ದಿನಾ ಮದ್ವೆ ಊಟ!”

“ಅದ್ರ ಹೊಟ್ಟೆ ಒಡ್ದೋಗ್ತದೆ ನೋಡ್ತಿರು ಮುನಿಯಾ,” ಎಂದು ಅಜ್ಜಿ ಕೊಟ್ಟಿಗೆಯ ಒಳಗಿಂದಲೇ ಕೂಗುತ್ತಿದ್ದಳು. “ಅನ್ನ ಮನುಷ್ಯರಿಗೆ. ಅದೂ ಎಲ್ಲಾ ಮನುಷ್ಯರಿಗಲ್ಲ, ದುಡುದೋರಿಗೆ.”

“ದೊಡ್ಡವ್ವ, ನೀನು ಕುರೀಗೂ ಬಯ್ತೀಯ, ನಂಗೂ ಬಯ್ತೀಯ. ಕುರಿ ಆದ್ರೂ ವರ್ಷಕ್ಕೊಂದು ಬದ್ಲಾಗ್ತದೆ!”

ಸಂಕ್ರಾಂತಿ ಕಳೆದ ಮೇಲೆ ಹೊಸ ಬಡಾವಣೆಯವರು ನೀರಿನ ಪೈಪಿಗೆಂದು ಕೆರೆ ಬದಿಯಲ್ಲಿ ಉದ್ದಕ್ಕೂ ಕಾಲುವೆ ತೋಡಿದರು. ಒಂದು ಸಂಜೆ ಮರಿ ಹಗ್ಗ ಕಿತ್ತುಕೊಂಡು ಓಡಿ ಅದರೊಳಗೆ ಬಿತ್ತು. ಬಲ ಹಿಂಗಾಲು ಮೊಣಕಾಲಿನ ಕೆಳಗೆ ಮುರಿದು ತೂಗುತ್ತಿತ್ತು. ಅಪ್ಪ ಅದನ್ನು ಹೆಗಲ ಮೇಲೆ ಹೊತ್ತು ತಂದು ಅಂಗಳದಲ್ಲಿಟ್ಟು, ಇನ್ನು ಇದು ಮೈ ಹಿಡಿಯುವುದಿಲ್ಲ, ಈಗಲೇ ಮುಗಿಸಿಬಿಡೋಣ ಅಂದ. “ಹೊತ್ತಾಗಿಲ್ಲ,” ಎಂದಳು ಅಜ್ಜಿ. ಅಷ್ಟೇ. ಬಿದಿರಿನ ದಬ್ಬೆ ಸೀಳಿಸಿ, ಉದ್ದಿನ ಹಿಟ್ಟಿಗೆ ಮೊಟ್ಟೆಯ ಬಿಳಿ ಕಲಸಿ ಬಳಿದು, ತನ್ನ ಹಳೇ ಸೀರೆಯ ಅಂಚಿನಿಂದ ಬಿಗಿದು ಕಟ್ಟಿದಳು. ಮರಿ ಮೇವು ಬಿಟ್ಟಿತು, ಬೆನ್ನು ಮತ್ತೆ ಚೂಪಾಯಿತು. ನಾನು ಹುರುಳಿ ನುಚ್ಚನ್ನು ಬೆರಳ ತುದಿಯಲ್ಲಿ ನೆಕ್ಕಿಸಿ, ಸೊಪ್ಪಿನ ಚಿಗುರನ್ನಷ್ಟೇ ಕಿತ್ತುಕೊಟ್ಟು ಮೇವು ಹಿಡಿಸಿದೆ. ಕಟ್ಟು ಬಿಚ್ಚಿದಾಗ ಕಾಲು ನೆಟ್ಟಗಿತ್ತು, ಮುರಿದ ಜಾಗದಲ್ಲಿ ಮಾತ್ರ ಗಜ್ಜುಗದ ಕಾಯಿಯಷ್ಟು ಒಂದು ಗಂಟು ಉಳಿಯಿತು. ದಿನಾ ಸಂಜೆ ಎಣ್ಣೆ ಹಚ್ಚಿ ಅದನ್ನು ತಿಕ್ಕುವುದು ನನ್ನ ಕೆಲಸಗಳಿಗೆ ಸೇರಿತು. ಆ ಗಂಟಿನ ಉಬ್ಬು, ಅದರ ಒಂದು ಬದಿಯಲ್ಲಿದ್ದ ಸಣ್ಣ ಕುಳಿ ನನ್ನ ಹೆಬ್ಬೆರಳಿಗೆ ಬಾಯಿಪಾಠವಾಗಿತ್ತು. ಯುಗಾದಿಗೆ ಮುಂಚಿನ ಸೋಮವಾರ ಅಜ್ಜಿ ಬೆನ್ನಿನ ಮೇಲೆ ನನ್ನ ಕೈ ಒತ್ತಿ ಕೇಳಿದಾಗ ಮೂಳೆಯನ್ನು ಹುಡುಕಬೇಕಾಯಿತು. ಅವಳು ಹೊಗಳಲಿಲ್ಲ. ನನ್ನ ಕೈಯನ್ನು ತನ್ನ ಸೆರಗಿನಿಂದ ಒರೆಸಿದಳು. ಇಡೀ ಬಾಲ್ಯದಲ್ಲಿ ನನಗೆ ಅವಳಿಂದ ಸಿಕ್ಕ ದೊಡ್ಡ ಮರ್ಯಾದೆ ಅದು.

ಆ ಯುಗಾದಿಗೆ ಮನೆ ತುಂಬಿತ್ತು. ಅತ್ತೆಯ ಮದುವೆಯಾದ ಮೇಲಿನ ಮೊದಲ ಹೊಸತೊಡಕು, ಬೇಗೂರಿನಿಂದ ಹೊಸ ಬೀಗರು ಬಂದಿದ್ದರು. ಬೇವು ಬೆಲ್ಲ ತಿಂದು, ಒಬ್ಬಟ್ಟಿನ ಊಟ ಮುಗಿಸಿ, ಸಂಜೆ ನಾನು ಮರಿಯನ್ನು ಹಿಡಿದುಕೊಂಡು ಹಿತ್ತಲ ಗೋಡೆಗೆ ಹೋದೆ. ಮುನಿಯಪ್ಪ ಮಾಮ ಬರಿಗೈಯಲ್ಲಿ ನಿಂತಿದ್ದ.

“ನಿಮ್ದೆಲ್ಲಿ ಮಾಮ?”

ಅವನು ನನ್ನ ತಲೆಯ ಮೇಲಿಂದ ಅಜ್ಜಿಯತ್ತ ನೋಡಿದ. ಅಜ್ಜಿಯೇ ಹೇಳಿದಳು:

“ಮನೆ ತುಂಬ ಬೀಗರು ಅವ್ರೆ. ನಮ್ಮ ಹಿತ್ಲಲ್ಲಿ ಕುಯ್ಯಕ್ಕೆ ಜಾಗ ಎಲ್ಲೈತೆ? ಎರಡನ್ನೂ ಅವರ ಹಿತ್ಲಲ್ಲೇ ಕುಯ್ದು ನಮ್ಮದನ್ನ ಕಳುಸ್ತಾನೆ. ಹಗ್ಗ ಕೊಡು.”

ಕೊಟ್ಟೆ. ಇನ್ನು ಮೇವು ಹಾಕಬೇಡಿ, ನೀರು ಮಾತ್ರ ಇಡಿ, ಬಲಗಾಲಿಗೆ ಹಗ್ಗ ಬಿಗಿಯಬೇಡಿ ಎಂದು ಹೇಳಿಕೊಟ್ಟೆ. ಮಾಮ ರೇಗಿಸಲಿಲ್ಲ. “ಆಗ್ಲವ್ವ,” ಅಂದ. ಅವನು ಹಾಗೆ ಸುಮ್ಮನೆ ಒಪ್ಪಿದ್ದನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ, ಆದರೆ ಹಬ್ಬದ ದಿನ ಯಾರು ಅಂಥದನ್ನೆಲ್ಲ ಗಮನಿಸುತ್ತಾರೆ?

ಬೆಳಗ್ಗೆ ಮಾಂಸದ ಬೇಸಿನ್ ಗೋಡೆ ದಾಟಿ ಬಂತು. ಅರ್ಧಕ್ಕಿಂತ ತುಸು ಮೇಲಿತ್ತು. ಅಮ್ಮ ಒಲೆಯ ಮುಂದೆ ಕೂತು ಈರುಳ್ಳಿ ಹುರಿಯುತ್ತಿದ್ದಳು. ಚಕ್ಕೆ ಲವಂಗ, ಗಸಗಸೆ, ಕಾಯಿ ಎಲ್ಲ ಒರಳ ಕಲ್ಲಿನ ಸುತ್ತ ಸಾಲಾಗಿ ಕಾಯುತ್ತಿದ್ದವು. ನಾನು ಬೇಸಿನ್ನಿಗೆ ಇಣುಕಿ, ತಿಳಿದವಳ ಹಾಗೆ ಸೊಂಟದ ಮೇಲೆ ಕೈಯಿಟ್ಟು ಹೇಳಿದೆ:

“ನೋಡಮ್ಮ, ಅನ್ನ ತಿನ್ಸಿದ್ರೆ ಇಷ್ಟೇ. ನೋಡಕ್ಕೆ ಹೊಟ್ಟೆ, ಕುಯ್ದ್ರೆ ಏನೂ ಇಲ್ಲ.”

ಬೀಗರ ಕಡೆಯ ಹೆಂಗಸರು ಗೊಳ್ಳೆಂದು ನಕ್ಕರು. ಅತ್ತೆಯೂ ನಕ್ಕಳು, ಸ್ವಲ್ಪ ಹೆಚ್ಚಾಗಿಯೇ. ಅಮ್ಮ ಹೊಗೆಗೆ ಕಣ್ಣು ಒರೆಸಿಕೊಂಡಳು.

ಗಂಡಸರ ಪಂಕ್ತಿ ಎದ್ದ ಮೇಲೆ ಹೆಂಗಸರು ಮಕ್ಕಳು ಕೂತೆವು. ಕೆಲಸ ಮುಗಿಸಿ ಬಂದು ಉಂಡಿದ್ದ ಮುನಿಯಪ್ಪ ಮಾಮ ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಅಪ್ಪ ಬಾಗಿಲಿಗೆ ಒರಗಿ ನಿಂತಿದ್ದ. ಅಮ್ಮ ಮುದ್ದೆ ಇಟ್ಟಳು, ಅಜ್ಜಿ ಸಾರು ಬಡಿಸಿದಳು. ನನ್ನ ತಟ್ಟೆಯ ಮುಂದೆ ನಿಂತು, ಪಾತ್ರೆಯ ತಳದವರೆಗೆ ಸೌಟು ಇಳಿಸಿ ಹುಡುಕಿ, ನಲ್ಲಿ ಮೂಳೆಯನ್ನು ಎತ್ತಿ ನನ್ನ ಮುದ್ದೆಯ ಪಕ್ಕಕ್ಕಿಟ್ಟಳು.

“ಸಾಕ್ದೋಳಿಗೆ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಬೀಗಿತಿ ಮೆಚ್ಚಿ ತಲೆಯಾಡಿಸಿದರು.

ಸಾರು ಚೆನ್ನಾಗಿತ್ತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅದಕ್ಕೆ ಮೊದಲೂ ಆಮೇಲೂ ಅಂಥ ಸಾರು ನಾನು ಉಂಡಿಲ್ಲ. ಮಾಂಸ ಮೆತ್ತಗೆ, ಕೊಬ್ಬು ಬೆಳ್ಳಗೆ, ಗಟ್ಟಿಯಾಗಿ. ಎರಡನೇ ಸಲ ಹಾಕಿಸಿಕೊಂಡೆ. ಜಗಲಿಯ ಕಡೆ ತಿರುಗಿ ದೊಡ್ಡ ಮನಸ್ಸು ಮಾಡಿ ಕೂಗಿದೆ:

“ಮಾಮ, ನಿಮ್ಮ ಕುರೀನೂ ಪರವಾಗಿಲ್ಲ! ನಮ್ದಷ್ಟಿಲ್ಲ, ಆದ್ರೂ ಚೆನ್ನಾಗೈತೆ!”

“ನನ್ ಕೈಗುಣ ಕಣವ್ವ,” ಅಂದ ಮಾಮ, ಬೀದಿ ನೋಡುತ್ತ.

ಕೊನೆಗೆಂದು ಉಳಿಸಿಕೊಂಡಿದ್ದ ಮೂಳೆಯನ್ನು ಎರಡೂ ಕೈಯಲ್ಲಿ ಹಿಡಿದು ಹೀರಿದೆ. ಮಜ್ಜೆ ಅರ್ಧ ಬಂದು ನಿಂತಿತು. ತಟ್ಟೆಯ ಅಂಚಿಗೆ ಬಡಿಯೋಣವೆಂದು ಮೂಳೆಯನ್ನು ತಿರುಗಿಸಿದಾಗ ನನ್ನ ಹೆಬ್ಬೆರಳು ಒಂದು ಉಬ್ಬಿನ ಮೇಲೆ ಹೋಗಿ ಕೂತಿತು. ಉಬ್ಬು, ಅದರ ಒಂದು ಬದಿಯಲ್ಲಿ ಸಣ್ಣ ಕುಳಿ. ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಯಿತು. ಬೆರಳು ಅಭ್ಯಾಸದಂತೆ ಅದನ್ನು ಎರಡು ಸಲ ತಿಕ್ಕಿಯೂ ಬಿಟ್ಟಿತು.

ಬಾಯಲ್ಲಿದ್ದುದನ್ನು ಉಗುಳಲಿಲ್ಲ. ಪಂಕ್ತಿಯಲ್ಲಿ ಉಗುಳಬಾರದು ಎಂದು ಕಲಿಸಿದ್ದರು, ನುಂಗಿದೆ. ಮೂಳೆಯನ್ನು ಅಜ್ಜಿಯ ಮುಂದೆ ಚಾಚಿದೆ.

“ಅಜ್ಜಿ, ಇದ್ಯಾವ ಕುರೀದು?”

“ತಿನ್ನು, ಆರೋಗ್ತದೆ.”

“ಯಾವ ಕುರೀದು?”

ಅವಳು ನನ್ನ ಕೈಯಿಂದ ಮೂಳೆ ತೆಗೆದುಕೊಂಡಳು. ಅವಳ ಹೆಬ್ಬೆರಳೂ ತಾನಾಗಿ ಆ ಗಂಟಿನ ಮೇಲೆ ಹೋಯಿತು. ಕಟ್ಟು ಕಟ್ಟಿದವಳು ಅವಳೇ ಅಲ್ಲವೇ. ಒಂದು ಕ್ಷಣ ಅವಳ ಮುಖದಲ್ಲಿ ನಾನು ಹಿಂದೆಂದೂ ನೋಡದಿದ್ದ ಒಂದು ಗಾಬರಿ ಕಂಡು ಮರೆಯಾಯಿತು. ಆಮೇಲೆ ಮೂಳೆಯನ್ನು ಸೆರಗಿನ ಮರೆಗೆ ಹಾಕಿಕೊಂಡು, ಬೀಗಿತಿಯ ಕಡೆ ಮುಖ ತಿರುಗಿಸಿ ನಗುತ್ತ ಹೇಳಿದಳು:

“ಮಗೀಗೆ ಹೊಟ್ಟೆ ತುಂಬ್ತು. ಏಳು ಜಯಾ, ಕೈ ತೊಳ್ಕೋ.”

ನಾನು ಅಪ್ಪನನ್ನು ನೋಡಿದೆ. ಅಪ್ಪ ಬಾಗಿಲು ಬಿಟ್ಟು ಅಂಗಳಕ್ಕೆ ಇಳಿದ. ಅಮ್ಮನನ್ನು ನೋಡಿದೆ. ಅಮ್ಮ ಪಾತ್ರೆಯೊಳಗೆ ನೋಡುತ್ತಿದ್ದಳು. ಅತ್ತೆ ಪಕ್ಕದವರಿಗೆ ಇನ್ನೊಂದು ಮುದ್ದೆ ಹಾಕಿಸಿಕೊಳ್ಳಿ ಎಂದು ಜೋರಾಗಿ ಬಲವಂತ ಮಾಡಿದಳು. ನಮ್ಮ ಮನೆಯವರಲ್ಲಿ ಗೊತ್ತಿಲ್ಲದೆ ಉಂಡವಳು ನಾನೊಬ್ಬಳೇ ಎಂದು ಆಗ ತಿಳಿಯಿತು. ಬೆಳಗ್ಗೆ ನಾನು ಆಡಿದ ಮಾತಿಗೆ ಅತ್ತೆ ಯಾಕೆ ಅಷ್ಟು ನಕ್ಕಿದ್ದಳು ಎಂಬುದೂ.

ನಡೆದದ್ದನ್ನು ಮರುದಿನ ಬೂದಿ ಹಾಕಿ ಪಾತ್ರೆ ತಿಕ್ಕುತ್ತ ಅಮ್ಮ ಹೇಳಿದಳು. ಹಬ್ಬದ ಹಿಂದಿನ ವಾರ ಮಂಟಪದಲ್ಲಿ ದೊಡ್ಡ ಮದುವೆ. ಹಬ್ಬ ಹತ್ತಿರ ಬಂತು, ಮರಿ ಇನ್ನೂ ಸಣಕಲು, ಒಂದೇ ಸಲಕ್ಕೆ ಮೈ ಬರಲಿ ಎಂದು ಮುನಿಯಪ್ಪ ಬಕೆಟ್ಟುಗಟ್ಟಲೆ ಅನ್ನ ಸುರಿದಿದ್ದಾನೆ. ಅದು ಹೊಟ್ಟೆಯುಬ್ಬರಿಸಿ ಮಲಗಿ, ಹಲ್ಲು ಕಡಿಯುತ್ತ ಸತ್ತಿತು. ನಾನು ಸ್ಕೂಲಿಗೆ ಹೋಗಿದ್ದಾಗ ಕೆರೆಯಂಗಳದಲ್ಲಿ ಹೂತರು. ಹೊಸ ಬೀಗರಿಗೆ ಮನೆಯಲ್ಲಿ ಮೇಯಿಸಿದ ಕುರಿಯ ಊಟ ಎಂದು ಅಜ್ಜಿ ಆಗಲೇ ಹೇಳಿ ಕಳಿಸಿದ್ದಳು. ಹಾಗಾಗಿ ಒಂದೇ ಕುರಿ, ಎರಡು ಮನೆಗೆ.

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಊಟಕ್ಕೆ ಕೂರ್ತಿದ್ಯಾ? ಬೀಗರ ಮುಂದೆ ರಂಪ ಆಗೋದು ಬೇಡ ಅಂದ್ರು ನಿಮ್ಮಜ್ಜಿ.”

ರಂಪ ಮಾಡುತ್ತಿರಲಿಲ್ಲ. ಆ ದಿನ ನಾನು ಮಜ್ಜಿಗೆ ಅನ್ನ ಉಂಡು ಸುಮ್ಮನೆ ಎದ್ದುಬಿಡುತ್ತಿದ್ದೆ. ಮರಿಯ ಕಾಲು ಮುರಿದಾಗ ಅಳದೆ ದಬ್ಬೆ ಹಿಡಿದುಕೊಂಡವಳು ನಾನು, ನನ್ನನ್ನು ನಂಬಬಹುದಿತ್ತು. ಕುರಿ ಸತ್ತದ್ದು ಮುನಿಯಪ್ಪನ ತಪ್ಪು, ಬೀಗರು ಬಂದದ್ದು ಯಾರ ತಪ್ಪೂ ಅಲ್ಲ. ಆದರೆ ನನ್ನ ಕೈಯಿಂದಲೇ ಹಗ್ಗ ಕೊಡಿಸಿದ್ದು, ನನ್ನ ಬಾಯಿಂದಲೇ ಚೆನ್ನಾಗಿದೆ ಎನ್ನಿಸಿದ್ದು, ಆ ಮೂಳೆಯನ್ನು ಹುಡುಕಿ ತಂದು ಎಲ್ಲರೆದುರು ನನಗೆ ಬಹುಮಾನವಾಗಿ ಇಟ್ಟದ್ದು, ಇಷ್ಟನ್ನು ಮಾಡಿದವಳು ಅಜ್ಜಿ. ಒಂದು ಕಟ್ಟಳೆ ಮುರಿದಿದ್ದಳು. ಇನ್ನೊಂದನ್ನು ಮುರಿಯಲು ಅವಳ ಕೈ ಬರಲಿಲ್ಲ. ಮೂಳೆ ಕೊಡದೆ ಇದ್ದಿದ್ದರೆ ನನಗೆ ಎಂದೂ ತಿಳಿಯುತ್ತಿರಲಿಲ್ಲ. ಆ ವಿಷಯವನ್ನು ಅವಳು ಮತ್ತೆ ಎತ್ತಲಿಲ್ಲ. ನಾನು ಕಾದೆ. ಸೋಮವಾರ ಬರುತ್ತಿತ್ತು, ಹೋಗುತ್ತಿತ್ತು.

ದೀಪಾವಳಿ ಕಳೆದು ಹೊಸ ಮರಿ ಬಂತು. ಅಜ್ಜಿ ಹಗ್ಗವನ್ನು ನನ್ನ ಕೈಗೆ ಕೊಟ್ಟಳು, ತೆಗೆದುಕೊಂಡೆ. ಅದೇ ಹುರುಳಿ ನುಚ್ಚು, ಅದೇ ಹಿಂಡಿ, ಬೋರಲು ಹಾಕಿದ ಬೋಗುಣಿ. ಒಂದೂ ತಪ್ಪಿಸಲಿಲ್ಲ. ಮುನಿಯಪ್ಪ ಮಾಮನೂ ಆ ವರ್ಷ ಅನ್ನದ ಬಕೆಟ್ ತರಲಿಲ್ಲ. ಯುಗಾದಿಯ ಸಂಜೆ ಹಿತ್ತಲ ಗೋಡೆಯ ಬಳಿ ನಿಂತಾಗ ಅವನ ಕೈಯಲ್ಲಿ ಕುರಿ ಇತ್ತು. “ಇಕ್ಕೋ ಜಯಮ್ಮ,” ಎಂದು ಹಗ್ಗ ಚಾಚಿದ. ನಾನು ನನ್ನ ಹಗ್ಗ ಕೊಡಲಿಲ್ಲ. ಗೋಡೆ ಹತ್ತಿ ಇಳಿದು, ಅವನ ಕುರಿಯ ಸೊಂಟದ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ಒತ್ತಿದೆ. ಬೇರೆಯೇ ಬೆನ್ನು. ನಾಲ್ಕು ಕಾಲನ್ನೂ ಸವರಿ ನೋಡಿದೆ. ಅದನ್ನು ಬೀದಿ ಸುತ್ತಿ ನಮ್ಮ ಹಿತ್ತಲಿಗೆ ನಡೆಸಿಕೊಂಡು ಬಂದು ಕಟ್ಟಿದ ಮೇಲೆಯೇ ನಮ್ಮದನ್ನು ಅವನ ಕೈಗೆ ಕೊಟ್ಟದ್ದು. ಮರುದಿನ ಕುಯ್ಯುವಾಗಲೂ ಹಿತ್ತಲ ಬಾಗಿಲಲ್ಲೇ ನಿಂತಿದ್ದೆ. ಅಜ್ಜಿ ಎಲ್ಲವನ್ನೂ ನೋಡಿದಳು.

ಬೀಗರಿಲ್ಲದ ಹಬ್ಬ ಅದು. ನಾವು ನಾಲ್ವರೇ ಒಟ್ಟಿಗೆ ಕೂತೆವು. ಅಜ್ಜಿ ಸೌಟನ್ನು ಪಾತ್ರೆಯ ತಳಕ್ಕೆ ಇಳಿಸಿದಳು. ನಲ್ಲಿ ಮೂಳೆ ಮೇಲೆ ಬಂತು. ನಾನು ಮುದ್ದೆಯನ್ನು ಸರಿಸಿ ಅದಕ್ಕೆ ಜಾಗ ಮಾಡಿದೆ. ಸೌಟು ನನ್ನ ತಟ್ಟೆಯನ್ನು ದಾಟಿ ಹೋಗಿ, ಅಪ್ಪನ ತಟ್ಟೆಯಲ್ಲಿ ಮೂಳೆಯನ್ನು ಇಳಿಸಿತು.

“ಸಾಕಿದ್ದು ನಾನು,” ಅಂದೆ.

“ಸಾಕ್ದೆ. ಆಮೇಲೆ ಅನುಮಾನ ಪಟ್ಟೆ. ನೆರೆಮನೆಯೋನ ಮುಂದೆ ಗೋಡೆ ಹಾರಿ ಹೋಗಿ ಸವರಿ ಸವರಿ ನೋಡ್ದೆ.”

“ಮುಟ್ಟಿ ನೋಡು ಅಂತ ಹೇಳ್ಕೊಟ್ಟೋಳು ನೀನೇ ಅಲ್ವಾ ಅಜ್ಜಿ? ಯಾರೇನೇ ಹೇಳ್ಲಿ, ಮುಟ್ಟಿ ನೋಡು ಅಂತ?”

ಅವಳು ನನ್ನ ತಟ್ಟೆಗೆ ಸಾರು ಬಡಿಸಿದಳು, ಒಂದು ಹನಿಯೂ ಆಚೆ ಚೆಲ್ಲದಂತೆ.

“ಕುರೀನ ಅಂದೆ ಕಣೇ. ಮನೆಯೋರ್ನಲ್ಲ.”

ಅಪ್ಪ ಮೂಳೆಯನ್ನು ಬೆರಳ ತುದಿಯಿಂದ ತನ್ನ ತಟ್ಟೆಯ ಅಂಚಿಗೆ, ನನ್ನ ಕಡೆಗೆ, ಮೆಲ್ಲಗೆ ತಳ್ಳಿದ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಊಟ ಮುಗಿಯುವವರೆಗೂ ಅದು ಅಲ್ಲೇ ಇತ್ತು. ಅಪ್ಪ ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ. ಅಜ್ಜಿ ಎಲ್ಲರ ತಟ್ಟೆ ಎತ್ತುವಾಗ ಅದನ್ನೂ ಎತ್ತಿಕೊಂಡು ಹೋದಳು. ನಾನು ಕೊಟ್ಟಿಗೆಗೆ ಹೋಗಿ, ಇನ್ನು ಯಾರೂ ತಿನ್ನುವವರಿಲ್ಲದ ಬೋಗುಣಿಯನ್ನು ತೊಳೆದು, ಬೋರಲು ಹಾಕಿ ಬಂದೆ.